ಅನುಕಂಪ ಬೇಕು, ಆದರೆ ಅದೊಂದೇ ಸಾಲದು

ಅನುಕಂಪ ಬೆಳೆದರೆ ನ್ಯಾಯ, ಸಮಾನತೆ ತಾವಾಗಿಯೇ ಬರುತ್ತವೆ ಅಂತ ಅನುಕಂಪದ ಬಗೆಗಿನ ಲೇಖನವೊಂದರಲ್ಲಿ ಓದಿದೆ. ಲೇಖಕರ ಈ ಮಾತನ್ನು ನಾನು ಒಪ್ಪುವುದಿಲ್ಲ. ಅನುಕಂಪದ ಬಗ್ಗೆ ಅಷ್ಟೊಂದು ಬರೆದ ಸ್ಕಾಟ್ಲೆಂಡಿನ ಚಿಂತಕ ಆಡಂ ಸ್ಮಿತ್ ಕೂಡ ಹಾಗೆ ನಂಬಿರಲಿಲ್ಲ. ಹದಿನೆಂಟನೇ ಶತಮಾನದಲ್ಲೇ ಅವರು ಒಂದು ಉದಾಹರಣೆ ಕೊಟ್ಟಿದ್ದಾರೆ. ಭೂಕಂಪದಲ್ಲಿ ಇಡೀ ಚೀನಾ ಮುಳುಗಿಹೋಯಿತು ಅಂತ ಕೇಳಿದ ಯುರೋಪಿನವನೊಬ್ಬ ಒಂದಿಷ್ಟು ಮರುಗುತ್ತಾನೆ, ಆಮೇಲೆ ಹಾಯಾಗಿ ನಿದ್ದೆ ಮಾಡುತ್ತಾನೆ. ನಾಳೆ ತನ್ನ ಕಿರುಬೆರಳು ಹೋಗುತ್ತದೆ ಅಂತ ಗೊತ್ತಾದರೆ ಮಾತ್ರ ರಾತ್ರಿಯೆಲ್ಲ ಕಣ್ಣು ಮುಚ್ಚುವುದಿಲ್ಲ. ಹತ್ತಿರದವರಿಗೆ ಜಾಸ್ತಿ, ದೂರದವರಿಗೆ ಕಡಿಮೆ. ನಮ್ಮ ಮರುಕ ಇರುವುದೇ ಹೀಗೆ ಅಲ್ವಾ? ಅದಕ್ಕೇ ಪಕ್ಷಪಾತವಿಲ್ಲದೆ ನೋಡುವ ಸಾಕ್ಷಿಯೊಬ್ಬ ನಮ್ಮೊಳಗೆ ಬೇಕು ಅಂದರು ಸ್ಮಿತ್.

ಇನ್ನೊಂದು ತೊಂದರೆಯೂ ಇದೆ. ಗಾಲಿಕುರ್ಚಿಯಲ್ಲಿ ಬಂದವರು ಮೆಟ್ಟಿಲ ಮುಂದೆ ನಿಂತರೆ ನಾಲ್ಕು ಜನ ಓಡಿ ಬರುತ್ತಾರೆ. 'ಅಯ್ಯೋ ಪಾಪ' ಅಂತ ಕುರ್ಚಿ ಸಮೇತ ಎತ್ತಿ ಒಳಗೆ ಬಿಡುತ್ತಾರೆ. ಒಳ್ಳೆಯ ಮನಸ್ಸೇ, ಸುಳ್ಳಲ್ಲ. ಆದರೆ ಪ್ರತಿ ಸಲ ಯಾರಾದರೂ ಎತ್ತಲಿ ಅಂತ ಕಾದು, ಪ್ರತಿ ಸಲ ಥ್ಯಾಂಕ್ಸ್ ಹೇಳಿ ಒಳಗೆ ಹೋಗುವವರಿಗೆ ನಿಜವಾಗಿ ಬೇಕಿರುವುದು ಒಂದು ರ‍್ಯಾಂಪ್. ಎತ್ತಿದವರಲ್ಲಿ ಎಷ್ಟು ಜನ ಅದಕ್ಕಾಗಿ ಒಂದು ಅರ್ಜಿಗೆ ಸಹಿ ಹಾಕುತ್ತಾರೆ? ಲೇಖನ ಈ ಪ್ರಶ್ನೆಯ ಹತ್ತಿರವೇ ಹೋಗಿಲ್ಲ.