ಆ ಬಸ್ಸು ಏನೂ ಮಾಡಿರಲಿಲ್ಲ

"ಅಕ್ಕಾ, ಮೊನ್ನೆ ಶಿರಾಗೆ ಬಸ್ಸಲ್ಲಿ ಹೋಗಿದ್ನಲ್ಲ, ಅದಕ್ಕೇ ಹಿಂಗಾಯ್ತಾ?"

ಹೋದ ವಾರ ನನ್ನ ತಂಗಿ ಫೋನಿನಲ್ಲಿ ಕೇಳಿದ ಮೊದಲ ಮಾತು ಇದು. ಬಸಿರಿಗೆ ಒಂಬತ್ತು ವಾರ ಆಗಿತ್ತು. ಸ್ಕ್ಯಾನಿಂಗ್‌ನಲ್ಲಿ ಹಾರ್ಟ್‌ಬೀಟ್ ಇಲ್ಲ ಅಂದರಂತೆ, ಮಾತ್ರೆ ಬರೆದು ಕೊಟ್ಟು ಎರಡು ದಿನ ಬಿಟ್ಟು ಬನ್ನಿ ಅಂದರಂತೆ. ಯಾಕೆ ಹೀಗಾಯ್ತು ಅಂತ ಮಾತ್ರ ಯಾರೂ ಹೇಳಿಲ್ಲ. ಡಾಕ್ಟರು ಖಾಲಿ ಬಿಟ್ಟ ಜಾಗಕ್ಕೆ ಈ ಬಸ್ಸು ಬಂದು ನಿಂತಿದೆ.

ನನಗೆ ಬಸಿರು ಹೋದಾಗ ಆ ಕಾರಣ ಪರಂಗಿ ಹಣ್ಣು. ಹನ್ನೊಂದು ವರ್ಷದ ಹಿಂದೆ. ಯಾರದೋ ಮದುವೆಯಲ್ಲಿ ಎರಡು ಹೋಳು ತಿಂದಿದ್ದೆ. ಅದನ್ನು ನೆನಪಿಸಿದ್ದು ನಮ್ಮತ್ತೆ, ಕೆಟ್ಟ ಮನಸ್ಸಿಂದ ಅಲ್ಲ, ಅವರಿಗೂ ಒಂದು ಕಾರಣ ಬೇಕಿತ್ತು. ಆದರೆ ಆ ಎರಡು ಹೋಳನ್ನು ನಾನು ಎಷ್ಟು ವರ್ಷ ಹೊತ್ತುಕೊಂಡು ತಿರುಗಿದೆ ಅಂತ ನನಗೆ ಗೊತ್ತು. ಬೇರೆಯವರಿಗೆ ಬಿಂದಿಗೆ ಎತ್ತಿದ್ದು, ಗ್ರಹಣದ ದಿನ ಹೊರಗೆ ಬಂದಿದ್ದು, ಸ್ಕೂಟಿ ಓಡಿಸಿದ್ದು. ಒಟ್ಟಿನಲ್ಲಿ ಹೆಂಗಸು ಏನೋ ಮಾಡಿರಲೇಬೇಕು.

ವಿಷಯ ಏನಪ್ಪಾ ಅಂದರೆ, ಗೊತ್ತಾದ ಬಸಿರುಗಳಲ್ಲಿ ನೂರಕ್ಕೆ 10ರಿಂದ 20 ಹೀಗೇ ಹೋಗುತ್ತವೆ. ಬಹುತೇಕ ಮೊದಲ 12 ವಾರದೊಳಗೆ. ಇಷ್ಟು ಬೇಗ ಹೋದವುಗಳಲ್ಲಿ ಅರ್ಧದಷ್ಟಕ್ಕಾದರೂ ಕಾರಣ ಕ್ರೋಮೋಸೋಮಿನ, ಅಂದರೆ ಅಪ್ಪ ಅಮ್ಮನಿಂದ ಬರುವ ವಂಶವಾಹಿ ಎಳೆಗಳ, ಲೆಕ್ಕ ತಪ್ಪಿದ್ದು. ಹೆಚ್ಚಾಗಿ ಅದು ಅಂಡಾಣು ವೀರ್ಯಾಣು ಸೇರುವ ಹೊತ್ತಿಗೇ ಆಗಿಹೋಗಿರುತ್ತದೆ, ಅಂದರೆ ಕಿಟ್‌ನಲ್ಲಿ ಎರಡು ಗೆರೆ ಕಾಣುವುದಕ್ಕೂ ಎಷ್ಟೋ ದಿನ ಮುಂಚೆ. ಜೊತೆಗೆ, ಹಾರ್ಟ್‌ಬೀಟ್ ನಿಂತು ವಾರ ಎರಡು ವಾರ ಆದಮೇಲೆ ಬ್ಲೀಡಿಂಗ್ ಶುರುವಾಗುವುದೂ ಇದೆ. ಹಾಗಿರುವಾಗ ಹಿಂದಿನ ದಿನದ ಬಸ್ಸನ್ನು ಹಿಡಿದು ಕೂತರೆ ಏನು ಬಂತು? ಇಷ್ಟು ಹೇಳೋಕೆ ಒಬ್ಬ ಡಾಕ್ಟರಿಗೆ ಎರಡು ನಿಮಿಷ ಸಾಕು. ಹೊರಗೆ ನಲವತ್ತು ಜನ ಟೋಕನ್ ಹಿಡಿದು ಕೂತಿರುತ್ತಾರೆ, ಗೊತ್ತು. ಆದರೂ ಆ ಎರಡು ನಿಮಿಷವೂ ಟ್ರೀಟ್‌ಮೆಂಟೇ ಅಲ್ವಾ?

ಮಾತು ಆಡದಿದ್ದರೂ ಇಂಜೆಕ್ಷನ್ ಮಾತ್ರ ಧಾರಾಳ. ಸ್ವಲ್ಪ ರಕ್ತ ಕಂಡರೆ ಸಾಕು, ಪ್ರೊಜೆಸ್ಟೆರಾನ್ ಅನ್ನೋ ಹಾರ್ಮೋನು ಮತ್ತು ಪೂರ್ತಿ ಬೆಡ್ ರೆಸ್ಟ್. ಬ್ರಿಟನ್ನಿನಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಹೆಂಗಸರ ಮೇಲೆ ಪ್ರೊಜೆಸ್ಟೆರಾನನ್ನು, ಇಂಜೆಕ್ಷನ್ ಅಲ್ಲ, ಒಳಗಿಡುವ ಮಾತ್ರೆಯಾಗಿ ಪರೀಕ್ಷಿಸಿ 2019ರಲ್ಲಿ ಫಲಿತಾಂಶ ಹಾಕಿದರು. ಒಟ್ಟಾರೆ ನೋಡಿದರೆ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಮುಂಚೆ ಬಸಿರು ಹೋಗಿದ್ದು, ಈ ಸಲವೂ ರಕ್ತ ಕಾಣಿಸಿಕೊಂಡವರಿಗೆ ಮಾತ್ರ ಉಪಯೋಗ ಇದ್ದಂತೆ ಕಂಡಿತು. ಬೆಡ್ ರೆಸ್ಟ್‌ನಿಂದ ಬಸಿರು ನಿಲ್ಲುತ್ತದೆ ಅನ್ನೋದಕ್ಕೆ ಪುರಾವೆಯೇ ಇಲ್ಲ. ಆದರೆ ಹಾಸಿಗೆಯಿಂದ ಒಂದು ಸಲ ಎದ್ದು ಪಾತ್ರೆ ತೊಳೆದವಳಿಗೆ ಆಮೇಲೆ ಆ ಪಾತ್ರೆಯೇ ಕಾರಣವಾಗಿ ಕಾಡುತ್ತದೆ.

ಇನ್ನು "ಕ್ಲೀನ್ ಮಾಡಿಸಬೇಕು" ಅನ್ನೋ ಮಾತು, ಅಂದರೆ ಗರ್ಭಕೋಶದಲ್ಲಿ ಉಳಿದಿದ್ದನ್ನು ತೆಗೆಸಬೇಕು ಅಂತ. ನನಗೆ ಹಾಗೇ ಹೇಳಿದ್ದರು, ಮನೆ ಗುಡಿಸೋ ಥರ. ಅದೊಂದೇ ದಾರಿ ಅಲ್ಲ ಅಂತ ಅವತ್ತು ನನಗೆ ಗೊತ್ತಿರಲಿಲ್ಲ. ತೊಂದರೆ ಇಲ್ಲದಿದ್ದರೆ ತಾನಾಗೇ ಹೋಗಲಿ ಅಂತ ಒಂದೆರಡು ವಾರ ಕಾಯಬಹುದು, ಮಾತ್ರೆ ತಗೋಬಹುದು, ಇಲ್ಲ ತೆಗೆಸಬಹುದು. ತೆಗೆಸೋದಾದರೂ ಹಳೇ ಥರ ಕೆರೆದು ತೆಗೆಯುವ ಬದಲು ಎಳೆದುಕೊಳ್ಳುವ ವ್ಯಾಕ್ಯೂಮ್ ವಿಧಾನ ಬಳಸಿ ಅಂತ ವಿಶ್ವ ಆರೋಗ್ಯ ಸಂಸ್ಥೆ ವರ್ಷಗಳಿಂದ ಹೇಳುತ್ತಿದೆ. ಯಾವುದರಿಂದ ಮಾಡ್ತೀರಿ ಡಾಕ್ಟ್ರೇ ಅಂತ ಕೇಳಿ, ತಪ್ಪಿಲ್ಲ. ಬ್ಲಡ್ ಗ್ರೂಪ್ ನೆಗೆಟಿವ್ ಇದ್ದರೆ, ಮುಂದಿನ ಬಸಿರಿಗೆ ತೊಂದರೆ ಆಗದಿರಲಿ ಅಂತ ಕೊಡುವ ಆಂಟಿ-ಡಿ ಇಂಜೆಕ್ಷನ್ ಬೇಕಾ ಅಂತಲೂ ಕೇಳಿ. ಗಂಟೆಗೆ ಎರಡು ಪ್ಯಾಡ್ ಪೂರ್ತಿ ನೆನೆಯುವಷ್ಟು ರಕ್ತ ಸತತ ಎರಡು ಗಂಟೆ ಹೋದರೆ, ಜ್ವರ ಬಂದರೆ, ಕೆಟ್ಟ ವಾಸನೆ ಇದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ಎರಡನೇ ಸಲವೂ ಹೋದರೆ, ಮೂರನೆಯದಕ್ಕೆ ಕಾಯದೆ ಟೆಸ್ಟ್ ಮಾಡಿಸಿ ಅಂತ ಈಗ ಹೇಳುವವರು ಜಾಸ್ತಿ. ಕೆಲವರಿಗೆ ರಕ್ತ ಹೆಪ್ಪುಗಟ್ಟುವ ತೊಂದರೆ ಇರುತ್ತದೆ, ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್ ಅಂತ. ಅದು ಗೊತ್ತಾದರೆ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್, ಹೆಪಾರಿನ್ ಇದೆ, ಎಷ್ಟೋ ಜನಕ್ಕೆ ಮಗು ನಿಲ್ಲುತ್ತದೆ.

ನಮ್ಮಜ್ಜಿ ಒಬ್ಬರೇ ಆಗ ಕಾರಣ ಕೇಳಲಿಲ್ಲ. "ಇದೂ ಹಸಿ ಮೈಯೇ, ಹೆರಿಗೆಗಿಂತ ಕಷ್ಟ" ಅಂತ ಬಿಸಿನೀರು ಹಾಕಿ, ಮೆಣಸಿನ ಸಾರು ಮಾಡಿ ಮಲಗಿಸಿದರು. ನಾನೋ ಐದನೇ ದಿನಕ್ಕೆ ಆಫೀಸಿಗೆ ಹೋದೆ, ವೈರಲ್ ಫೀವರ್ ಅಂತ ಸುಳ್ಳು ಹೇಳಿ. 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲೇ ಇದಕ್ಕೆ ಆರು ವಾರ ಸಂಬಳದ ರಜೆ ಇತ್ತು ಅಂತ ಗೊತ್ತಾಗಿದ್ದು ಎಷ್ಟೋ ಆಮೇಲೆ. 2025ರ ನವೆಂಬರಿನಿಂದ ಅದರ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ, ರಜೆ ಅದರಲ್ಲೂ ಇದೆ. ಕಾಯ್ದೆ ಅನ್ವಯಿಸುವ ಕಡೆ ಕೆಲಸ ಮಾಡುವವರು ಆಸ್ಪತ್ರೆ ಚೀಟಿ ಕೊಟ್ಟು ಕೇಳಬಹುದು. ಮನೆಗೆಲಸದವರಿಗೆ, ಬಹುತೇಕ ಕೂಲಿಯವರಿಗೆ ಅದೂ ಸಿಗುವುದಿಲ್ಲ. ನಮ್ಮಜ್ಜಿಗೆ ಕಾಯ್ದೆ ಗೊತ್ತಿರಲಿಲ್ಲ, ಆದರೂ ಅವರ ಲೆಕ್ಕ ಹೆಚ್ಚುಕಡಿಮೆ ಅದೇ ಇತ್ತು ನೋಡಿ.

ತಂಗಿಗೆ ಇದನ್ನೆಲ್ಲ ಹೇಳಿ ಮುಗಿಸುವ ಹೊತ್ತಿಗೆ ಮುಕ್ಕಾಲು ಗಂಟೆ ಆಗಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ನಿಜವಾಗ್ಲೂ ಬಸ್ಸಿಂದ ಅಲ್ವಲ್ಲಾ ಅಕ್ಕಾ?" ಅಂತ ಮತ್ತೆ ಕೇಳಿದಳು.

ಫೋನ್ ಸ್ಪೀಕರ್‌ಗೆ ಹಾಕು, ನಿಮ್ಮತ್ತೆಯನ್ನೂ ಕರಿ ಅಂದೆ.