ಕಿರುಬೆರಳು ಮತ್ತು ಮಂಚದ ಕಾಲು

ಮೊನ್ನೆ ನಡುರಾತ್ರಿ ನೀರು ಕುಡಿಯಲು ಎದ್ದಾಗ ಬಲಗಾಲಿನ ಕಿರುಬೆರಳು ಮಂಚದ ಕಾಲಿಗೆ ಬಡಿಯಿತು. ಆ ಮಂಚ ಹನ್ನೊಂದು ವರ್ಷಗಳಿಂದ ಅಲ್ಲೇ ಇದೆ, ನನ್ನ ಬೆರಳು ಅದಕ್ಕಿಂತ ಹಳೆಯದು. ಇಬ್ಬರಿಗೂ ಪರಸ್ಪರ ಪರಿಚಯವಿಲ್ಲವೆಂದು ಹೇಳುವ ಹಾಗಿಲ್ಲ. "ನೋಡಿಕೊಂಡು ನಡೆಯಬಾರದೇನ್ರೀ?" ಎಂದು ಹೆಂಡತಿ ನಿದ್ದೆಗಣ್ಣಲ್ಲೇ ಕೇಳಿದಳು. ಕತ್ತಲಲ್ಲಿ ಏನನ್ನು ನೋಡುವುದು? ಈ ಪ್ರಶ್ನೆ ಕೇಳುವವರ ಮೇಲೆ ನನಗಿರುವಷ್ಟು ಸಿಟ್ಟು ಮಂಚದ ಮೇಲೂ ಇಲ್ಲ.

ಬೆರಳು ಹಿಡಿದುಕೊಂಡು ಕೂತವನಿಗೆ ನೆನಪಾದವರು ಡಾನ್ ಗಾರ್ಲಿಟ್ಸ್. ನೆಟ್ಟನೆಯ ಕಾಲು ಮೈಲಿ, ಅಂದರೆ 402 ಮೀಟರ್ ದಾರಿಯಲ್ಲಿ ಎರಡು ಕಾರುಗಳು ಜೊತೆಯಾಗಿ ಹೊರಟು ಯಾವುದು ಮೊದಲು ಮುಟ್ಟುತ್ತದೆಂದು ನೋಡುವ ಡ್ರ್ಯಾಗ್ ರೇಸ್‌ನ ಭೀಷ್ಮ. ಹುಟ್ಟಿದ್ದು 1932ರಲ್ಲಿ, ಫ್ಲಾರಿಡಾದ ಟ್ಯಾಂಪಾದಲ್ಲಿ. ತಮ್ಮ ಕಾರುಗಳಿಗೆ ಅವರಿಟ್ಟ ಹೆಸರು ಜೌಗಿನ ಇಲಿ, 'ಸ್ವಾಂಪ್ ರ್‍ಯಾಟ್'. ಒಂದು, ಎರಡು, ಮೂರು ಎಂದು ರಾಜರ ಹಾಗೆ ಸಂಖ್ಯೆ ಬೇರೆ. ಇಲಿಗಳ ಈ ವಂಶ ಮೂವತ್ತೆಂಟನ್ನು ಮುಟ್ಟಿದೆ. 1964ರಲ್ಲಿ ನ್ಯೂಜೆರ್ಸಿಯಲ್ಲಿ ಗಂಟೆಗೆ 200 ಮೈಲಿ ದಾಟಿದ್ದು ಇಂಥದೇ ಒಂದು ಇಲಿಯಲ್ಲಿ.

ಆ ಕಾಲದ ಡ್ರ್ಯಾಗ್‌ಸ್ಟರ್‌ಗಳನ್ನು, ಅಂದರೆ ಈ ರೇಸಿನ ಕಾರುಗಳನ್ನು, 'ಸ್ಲಿಂಗ್‌ಶಾಟ್' (ಕವಣೆ) ಎನ್ನುತ್ತಿದ್ದರು. ಉದ್ದನೆಯ ಕೊಳವೆಗಳ ಚೌಕಟ್ಟು, ಮುಂದೆ ಸೈಕಲ್ಲಿನದೆನ್ನಿಸುವ ಸಣಕಲು ಚಕ್ರಗಳು, ಹಿಂದೆ ದಪ್ಪ ಟೈರುಗಳು. ಅವುಗಳ ಅಚ್ಚಿಗಿಂತಲೂ ಹಿಂದೆ, ಕವಣೆಯಲ್ಲಿಟ್ಟ ಕಲ್ಲಿನಂತೆ ಚಾಲಕ. ನೈಟ್ರೋಮೀಥೇನ್ ಎಂಬ ಉಗ್ರ ಇಂಧನ ಕುಡಿದು ಬೊಬ್ಬಿರಿಯುವ ಎಂಜಿನ್ ಅವನ ಮುಖದೆದುರಿಗೆ. ಗೇರ್ ಪೆಟ್ಟಿಗೆ ಅವನ ಎರಡು ಕಾಲುಗಳ ನಡುವೆ. ಎಣ್ಣೆ ಚಿಮ್ಮಿದರೆ ಕನ್ನಡಕಕ್ಕೆ, ಬೆಂಕಿ ಹತ್ತಿದರೆ ಮುಖಕ್ಕೆ. 1959ರಲ್ಲೇ ದಕ್ಷಿಣ ಕೆರೊಲೈನಾದಲ್ಲಿ ಗಾರ್ಲಿಟ್ಸ್‌ರ ಮುಖ, ಕೈಗಳು ಸುಟ್ಟಿದ್ದವು. ಗುಣವಾದ ಮೇಲೆ ಅವರು ಹೋಗಿ ಕೂತದ್ದು ಅದೇ ಜಾಗದಲ್ಲಿ! ಎಲ್ಲರೂ ಅಲ್ಲೇ ಕೂರುತ್ತಿದ್ದರು. ಎಂಜಿನ್ನನ್ನು ಬೆನ್ನ ಹಿಂದೆ ಇಟ್ಟು ನೋಡಿದವರು ಇರಲಿಲ್ಲವೆಂದಲ್ಲ, ಆದರೆ ಅಂಥ ಕಾರುಗಳು ನೆಟ್ಟಗೆ ಓಡುವುದಿಲ್ಲವೆಂಬ ಮಾತು ಗಟ್ಟಿಯಾಗಿಬಿಟ್ಟಿತ್ತು. ಮಂಚ ಎಲ್ಲಿದೆಯೋ ಅಲ್ಲೇ ಇರಲಿ ಎಂಬ ಹಾಗೆ.

1970ರ ಮಾರ್ಚ್ 8. ಕ್ಯಾಲಿಫೋರ್ನಿಯಾದ ಲಯನ್ಸ್ ಡ್ರ್ಯಾಗ್ ಸ್ಟ್ರಿಪ್, ಅಂತಿಮ ಸುತ್ತು, ಹದಿಮೂರನೆಯ ಇಲಿ. (ಸಂಖ್ಯೆಯ ಬಗ್ಗೆ ನಾನೇನೂ ಹೇಳುವುದಿಲ್ಲ.) ಹೊರಟ ಕ್ಷಣದಲ್ಲೇ ಗಾರ್ಲಿಟ್ಸ್ ಸ್ವತಃ ರೂಪಿಸುತ್ತಿದ್ದ ಎರಡು ವೇಗದ ಗೇರ್ ಪೆಟ್ಟಿಗೆ ಸಿಡಿಯಿತು. ಕಾರು ಅವರ ಕಾಲಬುಡದಲ್ಲಿ ಎರಡು ತುಂಡಾಯಿತು. ಬಲಪಾದದ ಮುಂಭಾಗ ಹೋಯಿತು. ಹಾರಿದ ಚೂರಿನಿಂದ ನೋಡುತ್ತಾ ನಿಂತಿದ್ದ ಯುವಕನೊಬ್ಬನ ತೋಳಿಗೂ ಭಾರೀ ಪೆಟ್ಟಾಯಿತು. ಇಲ್ಲಿಗೆ ಬಂದಾಗ ನನ್ನ ಕಿರುಬೆರಳನ್ನು ಬಿಟ್ಟು ಕೈಯನ್ನು ತೊಡೆಯ ಮೇಲಿಟ್ಟುಕೊಂಡೆ.

ಮುಂದಿನ ಹಲವು ರೇಸುಗಳು ತಪ್ಪಿದವು. ಗಾರ್ಲಿಟ್ಸ್ ಎಂಜಿನ್ನನ್ನು ಎತ್ತಿ ಬೆನ್ನ ಹಿಂದೆ ಇಟ್ಟರು. ಹದಿನಾಲ್ಕನೆಯ ಇಲಿ ಮೊದಮೊದಲು ಎಲ್ಲರೂ ಹೇಳಿದಂತೆಯೇ ಅಡ್ಡಾದಿಡ್ಡಿ ಓಡಿತು. ಕೊನೆಗೆ ಸಿಕ್ಕ ಮದ್ದು ನಗು ಬರಿಸುವಷ್ಟು ಸಣ್ಣದು: ಸ್ಟಿಯರಿಂಗ್ ವಿಪರೀತ ಚುರುಕಾಗಿತ್ತು, ಅದನ್ನು ಮಂದ ಮಾಡಿದರು. 1971ರಲ್ಲಿ ಕ್ಯಾಲಿಫೋರ್ನಿಯಾದ ಪೊಮೋನಾದಲ್ಲಿ ವಿಂಟರ್‌ನ್ಯಾಷನಲ್ಸ್ ಎಂಬ ದೊಡ್ಡ ರೇಸ್ ಗೆದ್ದರು. ಕೆಲವೇ ವರ್ಷಗಳಲ್ಲಿ ಇಂಥ ಕಾರು ಓಡಿಸುವ ಎಲ್ಲರ ಎಂಜಿನ್ನೂ ಹಿಂದಕ್ಕೆ ಹೋಯಿತು.

ಹುಮ್ಮಸ್ಸು ತುಂಬುವ ಭಾಷಣಕಾರರ ಕೈಗೆ ಈ ಕಥೆ ಸಿಕ್ಕರೆ ಏನಾಗುತ್ತದೆಂದು ಊಹಿಸಿಯೇ ನನಗೆ ಮೈ ಉರಿಯುತ್ತದೆ. "ಸೋಲೇ ಗೆಲುವಿನ ಮೆಟ್ಟಿಲು" ಎನ್ನುತ್ತಾರೆ, ಎರಡೂ ಪಾದಗಳ ಮೇಲೆ ಭದ್ರವಾಗಿ ನಿಂತುಕೊಂಡು. ಅರ್ಧ ಪಾದ ಕೊಟ್ಟು ಕೊಳ್ಳಬೇಕಾದ ಬುದ್ಧಿ ತೀರಾ ದುಬಾರಿ. ಗಾರ್ಲಿಟ್ಸ್ ಬಗ್ಗೆ ನನಗೆ ಅಚ್ಚರಿಯಾಗುವುದು ಬೇರೆಯದಕ್ಕೆ. ಮನುಷ್ಯ ಆಮೇಲೂ ಇಳಿಯಲಿಲ್ಲ! 1986ರಲ್ಲಿ ಗಂಟೆಗೆ 270 ಮೈಲಿ ದಾಟಿದ ಮೂವತ್ತನೆಯ ಇಲಿ ಸ್ಮಿತ್ಸೋನಿಯನ್ ಸಂಗ್ರಹಾಲಯ ಸೇರಿತು. ಉಳಿದ ಹಲವನ್ನು ಓಕಾಲಾದಲ್ಲಿ ಸ್ವಂತ ಮ್ಯೂಸಿಯಂ ಕಟ್ಟಿ ಇಟ್ಟುಕೊಂಡರು. 2014ರಲ್ಲಿ, ಎಂಬತ್ತೆರಡರ ವಯಸ್ಸಿನಲ್ಲಿ, ಬ್ಯಾಟರಿಯ ಕಾರಿನಲ್ಲಿ ಕೂತು 184 ಮೈಲಿ ವೇಗ ಮುಟ್ಟಿದರು. ನಮ್ಮ ಮನೆಯಲ್ಲಾಗಿದ್ದರೆ ಆ ವಯಸ್ಸಿಗೆ ಸ್ಕೂಟರಿನ ಕೀಲಿಕೈ ಬಚ್ಚಿಡುತ್ತಿದ್ದರು.

ಇದೆಲ್ಲವನ್ನೂ ಬೆಳಿಗ್ಗೆ ಕಾಫಿಯ ಜೊತೆ ಹೆಂಡತಿಗೆ ವಿವರಿಸಿದೆ. ಕೊನೆಯಲ್ಲಿ ಹೇಳಬೇಕೆಂದು ಒಂದು ಒಳ್ಳೆಯ ಮಾತನ್ನೂ ಹೊಂದಿಸಿಕೊಂಡಿದ್ದೆ. ಅಷ್ಟರಲ್ಲಿ ಅವಳು, "ಹಾಗಾದರೆ ಮಂಚ ಸರಿಸೋಣ ಬನ್ನಿ" ಎಂದು ಎದ್ದುಬಿಟ್ಟಳು. ಇಬ್ಬರೂ ಸೇರಿ ಕಿಟಕಿಯ ಕಡೆಗೆ ಎರಡು ಗೇಣು ಎಳೆದೆವು.

ಆ ರಾತ್ರಿ ಮಂಚದ ಕಾಲು ತಗುಲಲಿಲ್ಲ. ಮಂಡಿಗೆ ಬೀರುವಿನ ಹಿಡಿ ಬಡಿಯಿತು.

"ಗಾರ್ಲಿಟ್ಸ್‌ರ ಕಾರೂ ಮೊದಲು ನೆಟ್ಟಗೆ ಓಡಲಿಲ್ಲ" ಎಂದೆ, ಮಂಡಿ ತಿಕ್ಕಿಕೊಳ್ಳುತ್ತಾ.

"ನೀರಿನ ಚೊಂಬು ತಲೆದೆಸೆಯಲ್ಲೇ ಇದೆಯಲ್ಲ" ಎಂದಳು.