ಬಿಸಿಲಿಗೆ ಕಂದಿದ ಡಯಲು

ಹಳೆಯ ಕೈಗಡಿಯಾರಗಳ ಬಗ್ಗೆ ನನಗೆ ಏನೋ ಸ್ವಲ್ಪ ತಿಳಿದಿದೆ ಎಂಬ ಸುದ್ದಿ ನೆಂಟರಿಷ್ಟರಲ್ಲಿ ಹಬ್ಬಿದಂದಿನಿಂದ ನನ್ನ ಮೊಬೈಲಿಗೆ ನೆಮ್ಮದಿಯಿಲ್ಲ. ಮಂಜೇಶ್ವರದಿಂದಲೋ ಪೆರ್ಲದಿಂದಲೋ ಯಾರಾದರೊಬ್ಬರು ಬಣ್ಣ ಹೋಗಿ ಹೆಸರೂ ಅಳಿಸಿದ ಡಯಲಿನ ಚಿತ್ರ ಕಳುಹಿಸಿ, "ಇದು ಯಾವ ವಾಚು ಮಾವ, ಎಷ್ಟಾದೀತು?" ಎಂದು ಕೇಳುತ್ತಾರೆ. ಚಿತ್ರದಲ್ಲಿ ಡಯಲಿಗಿಂತ ಗಾಜಿನ ಮೇಲೆ ಬಿದ್ದ ಟ್ಯೂಬ್‌ಲೈಟೇ ಸ್ಪಷ್ಟವಾಗಿರುತ್ತದೆ. ಹಿಂದಿನ ಮುಚ್ಚಳದ ಚಿತ್ರ ಕಳುಹಿಸು ಎಂದರೆ, ಅಲ್ಲಿ ಏನೂ ಇಲ್ಲ, ಬರೇ ನಂಬರು ಎಂಬ ಉತ್ತರ ಬರುತ್ತದೆ. ನನಗೆ ಬೇಕಾದದ್ದು ಆ ಬರೇ ನಂಬರೇ. ಜಪಾನಿನ ಸೀಕೊ ಕಂಪನಿಯದಾಗಿದ್ದರೆ ಸರಣಿ ಸಂಖ್ಯೆಯ ಮೊದಲ ಅಂಕಿ ವರ್ಷದ ಕೊನೆಯ ಅಂಕಿಯನ್ನೂ ಎರಡನೆಯದು ತಿಂಗಳನ್ನೂ ಹೇಳುತ್ತದೆ. ಪಕ್ಕದಲ್ಲಿ 7009 ಎಂದಿದ್ದರೆ ಒಳಗಿರುವುದು 17 ಜ್ಯುವೆಲ್‌ಗಳ, ಎಂದರೆ ಸವೆತ ತಡೆಯುವ ಪುಟ್ಟ ಹರಳುಗಳ, ಆಟೊಮ್ಯಾಟಿಕ್ ಮೆಷಿನ್; ಕೈಯ ಅಲುಗಾಟಕ್ಕೇ ಅದರ ಕೀಲಿ ತಿರುಗುತ್ತದೆ. ಸರಣಿ ಸಂಖ್ಯೆಯ ಮೊದಲ ಅಂಕಿ 8 ಆದರೆ ಅದು 1978 ಇರಬಹುದು, 1988 ಕೂಡ ಇರಬಹುದು. ಇಷ್ಟನ್ನು ವಿವರಿಸುವಷ್ಟರಲ್ಲಿ ಕೇಳಿದವರ ಉತ್ಸಾಹ ಇಳಿದಿರುತ್ತದೆ.

ಬಿಸಿಲಿಗೆ ಕಂದಿದ ಡಯಲನ್ನು ಓದಲು ಒಂದು ಕ್ರಮವಿದೆ. ಅದನ್ನು ಹೇಳುವುದಕ್ಕೆಂದೇ ಈ ಬರಹವನ್ನು ಆರಂಭಿಸಿದ್ದೇನೆ. ಆದರೆ ಅದಕ್ಕೆ ಮೊದಲು ದೊಡ್ಡಪ್ಪನ ಸೀಕೊ ಫೈವ್‌ನ ವಿಷಯ ಹೇಳಬೇಕು.

ದುಬಾಯಿಯಲ್ಲಿದ್ದ ಉಪ್ಪಳದ ಸ್ನೇಹಿತರೊಬ್ಬರು ತಂದುಕೊಟ್ಟ ಆ ವಾಚು, ಅಂಗಳದಲ್ಲಿ ಅಡಿಕೆ ಮಗುಚುವಾಗಲೂ ದೊಡ್ಡಪ್ಪನ ಕೈಯಲ್ಲೇ ಇರುತ್ತಿತ್ತು. ಅವರು ತೀರಿಕೊಂಡ ಮೇಲೆ ಪಡುವಣ ಕಿಟಕಿಯ ದಂಡೆಯಲ್ಲಿ ನಿಂತುಹೋಗಿ, ವರ್ಷಗಟ್ಟಲೆ ಸಂಜೆಯ ಬಿಸಿಲನ್ನು ಉಂಡಿತು. ಅವರ ತಿಥಿಯ ದಿನ ಯಾರೋ ಅದನ್ನು ಕೈಗೆತ್ತಿಕೊಂಡು, ಇದರ ಮೂಲ ಬಣ್ಣ ಯಾವುದು ಎಂದು ಕೇಳಿದ್ದೇ ತಪ್ಪಾಯಿತು. ಕಪ್ಪು ಎಂದರು ದೊಡ್ಡಮ್ಮ, "ನಾನು ಕಣ್ಣಾರೆ ಕಂಡದ್ದು." ಕಾಫಿ ಬಣ್ಣ ಎಂದರು ಚಿಕ್ಕಪ್ಪ, ತಾನೂ ಕೆಲಕಾಲ ಅದನ್ನು ಕಟ್ಟಿದ್ದೆನೆಂಬ ಹಕ್ಕಿನಿಂದ. ಸಾಕ್ಷ್ಯಕ್ಕೆಂದು ಅಟ್ಟದಿಂದ ಇಳಿಸಿದ ಉಪನಯನದ ಚಿತ್ರದಲ್ಲಿ ದೊಡ್ಡಪ್ಪನ ಮಣಿಕಟ್ಟು ಚೆನ್ನಾಗಿಯೇ ಕಾಣುತ್ತಿತ್ತು, ಆದರೆ ಚಿತ್ರ ಕಪ್ಪುಬಿಳುಪಿನದು. ಅದು ಕಪ್ಪಾಗಿ ಕಂಡದ್ದನ್ನೇ ದೊಡ್ಡಮ್ಮ ತಮ್ಮ ವಾದಕ್ಕೆ ಆಧಾರ ಮಾಡಿಕೊಂಡರು. ಹಾಗಾದರೆ ನಿಮ್ಮ ಸೀರೆಯೂ ಕಪ್ಪೇ ಎಂದು ಚಿಕ್ಕಪ್ಪ ಕೆಣಕಿದರು. ಕೈತೊಳೆದು ಬಂದ ಪುರೋಹಿತರು, ಆ ಕಾಲದಲ್ಲಿ ಬರುತ್ತಿದ್ದುದೆಲ್ಲ ಬೆಳ್ಳಿ ಬಣ್ಣದ್ದೇ ಎಂದು ಮೂರನೆಯ ಪಕ್ಷವನ್ನು ಕಟ್ಟಿದರು. ಎರಡನೆಯ ಪಂಕ್ತಿಯವರು ಎಲೆಯ ಮುಂದೆ ಕಾಯುತ್ತ ಕುಳಿತೇ ಇದ್ದರು.

ಕೊನೆಗೆ ನಾನೇ ಅದನ್ನು ಕಾಸರಗೋಡಿನ ಹಳೆಯ ಬಸ್ ನಿಲ್ದಾಣದ ಬಳಿಯ ರಿಪೇರಿಯವರಲ್ಲಿಗೆ ಒಯ್ದೆ. ಅವರು ಅಲುಗಾಡಿಸಿ ಮುಳ್ಳುಗಳನ್ನು ತಿರುಗಿಸಿದಾಗ, ಅವು ವರ್ಷಗಟ್ಟಲೆ ನಿಂತಿದ್ದ ನಾಲ್ಕು ಇಪ್ಪತ್ತರ ಜಾಗದಲ್ಲಿ ಇನ್ನೊಂದು ಜೊತೆ ಮುಳ್ಳುಗಳ ನೆರಳು ಡಯಲಿನ ಮೇಲೆಯೇ ಉಳಿದಿತ್ತು. ಮೆಷಿನನ್ನು ಹೊರತೆಗೆದು ತೋರಿಸಿದರು. ಸುತ್ತಲಿನ ಬಳೆಯ ಅಡಿಯಲ್ಲಿ ಬಿಸಿಲು ತಾಗದೆ ಉಳಿದ, ನೂಲೆಳೆಯಷ್ಟು ಅಗಲದ ಅಂಚು ಅಚ್ಚ ನೀಲಿಯಾಗಿತ್ತು. ಆ ನೆರಳೂ ಭೂತಗನ್ನಡಿಯಲ್ಲಿ ಅದೇ ನೀಲಿ. ಮನೆಯಲ್ಲಿ ನೀಲಿ ಎಂದವರು ಒಬ್ಬರೂ ಇರಲಿಲ್ಲ. ರಿಪೇರಿಯವನು ಡಯಲನ್ನೇ ಬದಲಿಸಿದ್ದಾನೆ ಎಂದು ದೊಡ್ಡಮ್ಮ ತೀರ್ಪು ಕೊಟ್ಟರು.

ಕ್ರಮದ ಬಗ್ಗೆ ಹೇಳುವುದಾದರೆ, ಎಲ್ಲ ಕಲೆಯನ್ನೂ ಬಿಸಿಲಿನ ತಲೆಗೆ ಕಟ್ಟಬಾರದು. ಮುಳ್ಳಿನ ಅಡಿಯಲ್ಲಿ ಮೂಲ ಬಣ್ಣ ಉಳಿದು ಸುತ್ತಲೂ ಕಂದಿದ್ದರೆ ಅದು ಬಿಸಿಲಿನ ಕೆಲಸ. ಮುಳ್ಳಿನ ಅಡಿಯೇ ಕಂದು ಬಣ್ಣಕ್ಕೆ ಸುಟ್ಟಂತಿದ್ದರೆ ಅದು ಕತ್ತಲಲ್ಲಿ ಹೊಳೆಯಲೆಂದು ಮುಳ್ಳಿಗೆ ಹಚ್ಚಿದ್ದ, ವಿಕಿರಣ ಸೂಸುವ ರೇಡಿಯಂ ಮಾಡಿದ್ದು. ರೇಡಿಯಂನ ಅರ್ಧಾಯುಷ್ಯ, ಎಂದರೆ ಅದು ಅರ್ಧಕ್ಕಿಳಿಯಲು ಬೇಕಾದ ಕಾಲ, 1600 ವರ್ಷ, ಆದುದರಿಂದ ಹೊಳಪು ಸತ್ತರೂ ಅದು ಸತ್ತಿರುವುದಿಲ್ಲ. ಅಂಥ ಡಯಲನ್ನು ಉಗುರಿನಿಂದ ಕೆರೆಯಬೇಡಿ. ಸ್ವಿಸ್ ವಾಚಿನ ಡಯಲಿನ ಕೆಳಗಡೆ 'ಸ್ವಿಸ್' ಎಂಬುದರ ಎರಡೂ ಬದಿಗೆ 'ಟಿ' ಅಕ್ಷರವಿದ್ದರೆ ಅದು ಟ್ರಿಟಿಯಂ ಎಂಬ, ಹೊಳಪಿಗೆಂದೇ ಬಳಸಿದ ಇನ್ನೊಂದು ವಿಕಿರಣ ವಸ್ತು, ಅರ್ಧಾಯುಷ್ಯ 12 ವರ್ಷಕ್ಕೆ ತುಸು ಹೆಚ್ಚು. ಆದುದರಿಂದ ಅರುವತ್ತರ ದಶಕದ ವಾಚು ಇಂದು ಇರುಳಿಡೀ ಬೆಳಗುತ್ತಿದೆ ಎಂದು ಯಾರಾದರೂ ಹೊಗಳಿದರೆ ಆ ಹೊಳಪು ಮೊನ್ನೆ ಹಚ್ಚಿದ್ದು.

ನನಗೆ ನಿಜವಾಗಿ ಕೋಪ ಬರುವುದು ಈ ಹೊಸ ಬಣ್ಣದವರ ಮೇಲೆ. ಬೆಂಗಳೂರಿನಲ್ಲಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಆರಂಭವಾದ ಎಚ್‌ಎಂಟಿಯ ವಾಚುಗಳಿಗೆ ಈಗ ಬಂದಿರುವ ಗತಿ ನೋಡಲಾಗದು. ಸಭ್ಯವಾಗಿ ಮಾಸಿದ ಜನತಾ, ಪೈಲಟ್ ಮಾದರಿಗಳ ಡಯಲುಗಳನ್ನು ಕೆರೆದು, ಕಿತ್ತಳೆ, ಗಿಳಿಹಸಿರು ಬಳಿದು, ಗಂಟೆಯ ಗೆರೆಗೂ ಅಂಕಿಗೂ ತಾಳೆಯಿಲ್ಲದಂತೆ ಅಚ್ಚೊತ್ತಿ, ಅಪರೂಪದ್ದೆಂದು ಮಾರುತ್ತಾರೆ. ಇನ್ನೊಂದು ಕಡೆ, ಕಪ್ಪು ಹೋಗಿ ಕಂದಾದದ್ದನ್ನು 'ಟ್ರಾಪಿಕಲ್' ಎಂದು ಕರೆದು ಹೆಚ್ಚು ದುಡ್ಡು ಕೊಡುವವರೂ ಇದ್ದಾರೆ. ಇಬ್ಬರನ್ನೂ ಒಂದೇ ಬೆಂಚಿನಲ್ಲಿ ಕೂರಿಸಬೇಕು.

ದೊಡ್ಡಪ್ಪನ ಮಗ ಈಗ ಆ ಸೀಕೊಗೂ ಬಣ್ಣ ಹಾಕಿಸುವ ಯೋಚನೆಯಲ್ಲಿದ್ದಾನೆ. ಹಾಗೆಯೇ ಇರಲಿ ಬಿಡು ಎಂದು ಗೋಗರೆದೆ, ಕೇಳಲಿಲ್ಲ. ಹಾಕಿಸಲೇಬೇಕೆಂದಿದ್ದರೆ ನೀಲಿಯನ್ನಾದರೂ ಹಾಕಿಸು ಎಂದದ್ದಕ್ಕೆ, ಅಮ್ಮನ ಒಪ್ಪಿಗೆ ಕಪ್ಪಿಗೆ ಮಾತ್ರ ಎಂದ.